ಫಿಂಚ್ ಹಕ್ಕಿಗಳಿಗೆ ರಾತ್ರಿಯ ಆರೈಕೆ: ಕತ್ತಲನ್ನು ನಿಧಾನವಾಗಿ ಇಳಿಸಿ

ನಮ್ಮ ದಾವಣಗೆರೆ, ಚಿತ್ರದುರ್ಗ ಕಡೆಯ ಮನೆಗಳಲ್ಲಿ ಫಿಂಚ್ ಪಂಜರ ಸಾಮಾನ್ಯವಾಗಿ ಇರುವುದು ಹಾಲ್‌ನಲ್ಲಿ, ಟಿವಿ ಪಕ್ಕ. ರಾತ್ರಿ ಹತ್ತೂವರೆವರೆಗೆ ಟ್ಯೂಬ್‌ಲೈಟ್ ಉರಿಯುತ್ತದೆ. ಆಮೇಲೆ ಯಾರೋ ಸ್ವಿಚ್ ಆರಿಸಿ ಮಲಗಲು ಹೋಗುತ್ತಾರೆ. ನಾಲ್ಕು ಗಂಟೆ ಮೊದಲೇ ಮಲಗಬೇಕಿದ್ದ ಹಕ್ಕಿ ಅಲ್ಲಿಯವರೆಗೆ ಎಚ್ಚರವಿದ್ದದ್ದು ಒಂದು ತಪ್ಪು. ಅದು ಎಲ್ಲಿ ಕೂತಿತ್ತೋ ಅಲ್ಲೇ ಕತ್ತಲು ಕವಿದದ್ದು ಇನ್ನೊಂದು. ಕಾಳಿನ ಬಟ್ಟಲಿನ ಅಂಚಾಗಲಿ, ಪಂಜರದ ತಳವಾಗಲಿ, ಬೆಳಗಿನವರೆಗೆ ಅದಕ್ಕೆ ಅದೇ ಜಾಗ. ಫಿಂಚ್‌ಗೆ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ. ಕಾಣದ ಹಕ್ಕಿ ಹಾರಲು ಹೋದರೆ ಸರಳಿಗೆ ಬಡಿದುಕೊಳ್ಳುತ್ತದೆ.

ಇಲ್ಲಿ ಹೇಳುವುದು ಜೀಬ್ರಾ ಫಿಂಚ್, ಬೆಂಗಾಲೀಸ್, ಗೋಲ್ಡಿಯನ್ ಈ ಮೂರು ಬಗೆಯ ಸಾಕು ಫಿಂಚ್‌ಗಳಿಗೂ ಹೊಂದುತ್ತದೆ. ಹೊಲದಲ್ಲಿ ಕಾಣುವ ನಮ್ಮ ರಾಟವಾಳಗಳೂ ಇವುಗಳ ಬಳಗದವೇ. ಆದರೆ ಅವು ಕಾಡುಹಕ್ಕಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವುಗಳನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಯಾರಾದರೂ ಕಡಿಮೆ ದುಡ್ಡಿಗೆ ಕೊಡುತ್ತೇವೆಂದರೂ ತರಬೇಡಿ.

ನಮ್ಮಲ್ಲಿ ಬೆಳಕು ಹೆಚ್ಚಿಸುವ ಕೆಲಸವೇ ಇಲ್ಲ

ಫಿಂಚ್ ಬಗ್ಗೆ ಓದಿದವರು ‘14 ಗಂಟೆ ದೀಪ ಹಾಕಿ’ ಎಂಬ ಸಲಹೆಯನ್ನು ನೋಡಿಯೇ ಇರುತ್ತಾರೆ. ಅದು ಯುರೋಪಿನಂಥ ಕಡೆಗೆ ಬರೆದದ್ದು. ಅಲ್ಲಿ ಚಳಿಗಾಲದ ಹಗಲು ಎಂಟು ಗಂಟೆಗೆ ಇಳಿಯುವುದರಿಂದ ಹಕ್ಕಿಗೆ ತಿನ್ನಲು ಹೊತ್ತೇ ಸಾಲುವುದಿಲ್ಲ. ದಾವಣಗೆರೆ, ಚಿತ್ರದುರ್ಗ ಇರುವುದು ಭೂಮಧ್ಯರೇಖೆಯಿಂದ ಸುಮಾರು 14 ಡಿಗ್ರಿ ಉತ್ತರಕ್ಕೆ. ನಮ್ಮ ಅತಿ ಉದ್ದದ ಹಗಲು, ಜೂನ್ ಕೊನೆಯಲ್ಲಿ, 13 ಗಂಟೆಯ ಹತ್ತಿರ. ಅತಿ ಚಿಕ್ಕ ಹಗಲು, ಡಿಸೆಂಬರ್ ಕೊನೆಯಲ್ಲಿ, ಹನ್ನೊಂದೂಕಾಲು ಗಂಟೆ. ಹೊತ್ತು ಮುಳುಗುವುದು ಜೂನ್‌ನಲ್ಲಿ ಏಳಕ್ಕೆ ಐದು ನಿಮಿಷವಿದ್ದಾಗ, ಡಿಸೆಂಬರ್‌ನಲ್ಲಿ ಆರರ ಆಸುಪಾಸು. ಹಕ್ಕಿಗೆ ಬೇಕಾದಷ್ಟು ಹಗಲು ವರ್ಷವಿಡೀ ಪುಕ್ಕಟೆಯಾಗಿ ಸಿಗುತ್ತದೆ. ಮನೆಯೊಳಗೆ ಸಿಗದೇ ಇರುವುದು ರಾತ್ರಿ.

ರಾತ್ರಿ ಕಡಿಮೆಯಾದರೆ ಆಗುವ ತೊಂದರೆ ಒಂದೆರಡಲ್ಲ. ದಿನಕ್ಕೆ 14 ಗಂಟೆಗಿಂತ ಹೆಚ್ಚು ಬೆಳಕು ಕಂಡ ಹೆಣ್ಣು ಬಿಡುವಿಲ್ಲದೆ ಮೊಟ್ಟೆ ಇಡುತ್ತಾ ಹೋಗಬಹುದು. ಮೈಯ ಸುಣ್ಣದಂಶ ಬರಿದಾಗಿ ಕೊನೆಗೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುತ್ತದೆ. ಗರಿ ಉದುರಿ ಹೊಸದು ಬರುವ ಕಾಲವೂ ಏರುಪೇರಾಗುತ್ತದೆ. ಮರಿ ಗಂಡುಗಳಿಗೆ ನಿದ್ರೆ ಇನ್ನೂ ಮುಖ್ಯ. ಶಿಕಾಗೊ ವಿಶ್ವವಿದ್ಯಾಲಯದ ಅಮೀಶ್ ದವೆ ಮತ್ತು ಡೇನಿಯಲ್ ಮಾರ್ಗೋಲಿಯಾಶ್ 2000ದಲ್ಲಿ ತೋರಿಸಿದಂತೆ, ಜೀಬ್ರಾ ಫಿಂಚ್ ನಿದ್ರೆಯಲ್ಲಿರುವಾಗ ಅದರ ಮಿದುಳಿನ ನರಕೋಶಗಳು ಹಗಲು ಹಾಡುವಾಗಿನ ಕ್ರಮದಲ್ಲೇ ಮಿಡಿಯುತ್ತವೆ. ಹಾಡಿನ ಪಾಠ ರಾತ್ರಿಯೂ ನಡೆಯುತ್ತಿರುತ್ತದೆ. ಅಪ್ಪನಿಂದ ಹಾಡು ಕಲಿಯುತ್ತಿರುವ, ಹುಟ್ಟಿ 25ರಿಂದ 90 ದಿನದೊಳಗಿನ ಮರಿಯ ಪಕ್ಕ ನಡುರಾತ್ರಿಯವರೆಗೆ ಟಿವಿ ಹಾಕುವುದು ಅದರ ಪಾಠ ಕೆಡಿಸಿದಂತೆಯೇ.

ಲೆಕ್ಕ ಸರಳ: ಸುಮಾರು 12 ಗಂಟೆ ಬೆಳಕು, 12 ಗಂಟೆ ಕತ್ತಲು. ಮರಿ ಮಾಡಿಸುವ ಉದ್ದೇಶವಿಲ್ಲದವರು ಹನ್ನೊಂದೂವರೆ ಗಂಟೆ ಬೆಳಕಿಗೆ ಇಳಿಸಿದರೂ ನಡೆಯುತ್ತದೆ.

ಪಂಜರ ಎಲ್ಲಿರಬೇಕು

ಸಂಜೆ ಆರೂವರೆಯ ನಂತರ ಯಾರೂ ದೊಡ್ಡ ದೀಪ ಹಾಕದ ಕೋಣೆ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಪಂಜರದ ಹಿಂಬದಿ ಗೋಡೆಗೆ ಒರಗಿರಲಿ. ಎತ್ತರ ನೆಲದಿಂದ ನಾಲ್ಕೈದು ಅಡಿ ಸಾಕು. ಮೇಲಂತಸ್ತಿನ ಆರ್‌ಸಿಸಿ ಅಥವಾ ಶೀಟ್ ಮನೆಯಾಗಿದ್ದರೆ ಇನ್ನಷ್ಟು ಕೆಳಗಿಡಿ. ಏಪ್ರಿಲ್, ಮೇ ತಿಂಗಳಲ್ಲಿ ಕಾದ ಛಾವಣಿ ನಡುರಾತ್ರಿಯವರೆಗೂ ಕೆಳಕ್ಕೆ ಶಾಖ ಬಿಡುತ್ತದೆ.

ರಸ್ತೆ ಕಡೆಯ ಕಿಟಕಿ ಬೇಡ. ತಿರುವಿನಲ್ಲಿ ಬರುವ ಬೈಕಿನ ಹೆಡ್‌ಲೈಟ್ ಗೋಡೆಯ ಮೇಲೆ ಸರಿದರೆ ಅಷ್ಟೇ ಸಾಕು, ಇಡೀ ಪಂಜರ ಬೆದರುತ್ತದೆ. ಅಡುಗೆಮನೆ ಖಂಡಿತ ಬೇಡ. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದಾಗ ಹೊರಡುವ ಹೊಗೆ ನಮ್ಮ ಮೂಗಿಗೆ ಗೊತ್ತಾಗದಿದ್ದರೂ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ. ಹಕ್ಕಿಯ ಶ್ವಾಸಕೋಶದ ಜೊತೆಗೆ ಮೈಯೊಳಗೆಲ್ಲ ಗಾಳಿಚೀಲಗಳಿವೆ. ಎಳೆದುಕೊಂಡ ವಿಷ ಅಷ್ಟು ಬೇಗ ಹರಡುತ್ತದೆ. ಅಗರಬತ್ತಿ, ಸಾಂಬ್ರಾಣಿ, ಸೊಳ್ಳೆ ಬತ್ತಿ, ಪ್ಲಗ್‌ಗೆ ಹಾಕುವ ಸೊಳ್ಳೆ ದ್ರವ ಇವೆಲ್ಲ ಆ ಕೋಣೆಯಿಂದ ಆಚೆ ಇರಲಿ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಹತ್ತಿರ ಮನೆಯಿದ್ದರೆ, ಭಟ್ಟಿಯ ಕಡೆಯ ಕಿಟಕಿ ಮುಚ್ಚಿ, ವಿರುದ್ಧ ದಿಕ್ಕಿನ ಕೋಣೆ ಆರಿಸಿಕೊಳ್ಳಿ.

ಹಾಲ್ ಬಿಟ್ಟರೆ ಬೇರೆ ಜಾಗವೇ ಇಲ್ಲದವರೂ ಇದ್ದಾರೆ. ಅಂಥವರು ಪಂಜರದ ಮೂರು ಬದಿಗೆ ದಪ್ಪ ಹತ್ತಿ ಬಟ್ಟೆ, ಮುಂಬದಿಯ ಮೇಲರ್ಧಕ್ಕೆ ಇನ್ನೊಂದು ಬಟ್ಟೆ ಇಳಿಬಿಟ್ಟು, ಟಿವಿಯನ್ನು ಎದುರಿನ ಗೋಡೆಗಾದರೂ ಸರಿಸಬೇಕು. ಗಾಳಿಗೆ ದಾರಿ ಇರುವಂತೆ ಮುಂಬದಿಯ ಕೆಳಭಾಗ ತೆರೆದಿರಲಿ. ದಾರ ಎದ್ದ ಟವೆಲ್, ಉಣ್ಣೆ ಶಾಲು ಹೊದಿಸಬೇಡಿ. ಉಗುರು ದಾರಕ್ಕೆ ಸಿಕ್ಕರೆ ಬಿಡಿಸಿಕೊಳ್ಳುವ ಭರದಲ್ಲಿ ಕಾಲೇ ಮುರಿದುಕೊಳ್ಳುತ್ತದೆ.

ಮೂರು ದೀಪ, ಎರಡು ಟೈಮರ್

ಕಿಟಕಿಯಿಂದ ಚೆನ್ನಾಗಿ ಬೆಳಕು ಬರುವ, ಸಂಜೆ ದೀಪ ಹಾಕದ ಕೋಣೆಗೆ ಕೆಳಗೆ ಹೇಳುವ ಮೂರರಲ್ಲಿ ಕೊನೆಯದಾದ ಸಣ್ಣ ರಾತ್ರಿ ದೀಪ ಒಂದೇ ಸಾಕು. ಹೊತ್ತು ಮುಳುಗಿ ಕತ್ತಲಾಗುವ ಅರ್ಧ ಗಂಟೆಯನ್ನು ಸೂರ್ಯನೇ ನೋಡಿಕೊಳ್ಳುತ್ತಾನೆ. ಒಳಗಿನ ಕೋಣೆಗೆ ಮಾತ್ರ ಈ ಏರ್ಪಾಡು ಪೂರ್ತಿ ಬೇಕು.

ಹಗಲಿನ ದೀಪ: ಎರಡು ಅಡಿ ಉದ್ದದ ಪಂಜರಕ್ಕೆ 9 ವ್ಯಾಟ್‌ನ ಒಂದು ಎಲ್‌ಇಡಿ ಬಲ್ಬ್. ಪಂಜರದ ಒಂದು ತುದಿಯ ಮೇಲೆ, ಒಂದೂವರೆಯಿಂದ ಎರಡು ಅಡಿ ಎತ್ತರದಲ್ಲಿ ಕಟ್ಟಿ. ಇನ್ನೊಂದು ತುದಿ ನೆರಳಾಗಿದ್ದರೆ ಹಕ್ಕಿ ತನಗೆ ಬೇಕಾದ ಕಡೆ ಕೂರುತ್ತದೆ.

ಮುಸ್ಸಂಜೆಯ ದೀಪ: 2 ಅಥವಾ 3 ವ್ಯಾಟ್‌ನ ಹಳದಿ ಬೆಳಕಿನ ಎಲ್‌ಇಡಿ. ಪಂಜರದಿಂದ ಐದಾರು ಅಡಿ ದೂರದಲ್ಲಿ, ಮುಖ ಗೋಡೆಗೆ ತಿರುಗಿಸಿ.

ರಾತ್ರಿ ದೀಪ: ಅರ್ಧ ವ್ಯಾಟ್‌ನ ಹಳದಿ ಅಥವಾ ಕೆಂಪು ಎಲ್‌ಇಡಿ. ಎಂಟು ಹತ್ತು ಅಡಿ ದೂರ, ನೆಲಕ್ಕೆ ಹತ್ತಿರದ ಸಾಕೆಟ್‌ನಲ್ಲಿ. ಅಂಗಡಿಯಲ್ಲಿ ಝೀರೋ ಬಲ್ಬ್ ಕೇಳಿದರೆ ಹಳೆಯ ಫಿಲಮೆಂಟ್ ಬಲ್ಬ್ ಕೊಟ್ಟಾರು. ಹೆಸರಿಗೆ ಝೀರೋ, ಎಳೆಯುವುದು 15 ವ್ಯಾಟ್ ಹತ್ತಿರ, ಬೆಳಕೂ ಬಿಸಿಯೂ ಹೆಚ್ಚು. ನೀಲಿ ಬಣ್ಣದ್ದನ್ನಂತೂ ತರಲೇಬೇಡಿ. ನೀಲಿ ಬೆಳಕಿಗೆ ಹಕ್ಕಿಯ ಮೈ ಹಗಲು ಎಂದೇ ತಿಳಿಯುತ್ತದೆ.

ರಾತ್ರಿ ದೀಪ ಎಷ್ಟಿರಬೇಕೆಂದು ತಿಳಿಯಲು ಹೀಗೆ ಮಾಡಿ. ಅದೊಂದನ್ನೇ ಉರಿಸಿ, ಪಂಜರದ ಪಕ್ಕ ಹತ್ತು ನಿಮಿಷ ಕುಳಿತುಕೊಳ್ಳಿ. ಕಣ್ಣು ಹೊಂದಿಕೊಂಡ ಮೇಲೆ ಹಕ್ಕಿ ಕೂರುವ ಕಡ್ಡಿಯ ಗೆರೆ ಮಸುಕಾಗಿ ಕಾಣಬೇಕು, ಕೈಯಲ್ಲಿರುವ ದಿನಪತ್ರಿಕೆಯ ತಲೆಬರಹ ಓದಲು ಬರಬಾರದು. ಓದಲು ಬಂದರೆ ದೀಪ ದೂರ ಸರಿಸಿ, ಇಲ್ಲವೇ ಮುಂದೆ ಒಂದು ರಟ್ಟು ನಿಲ್ಲಿಸಿ. ಬೆಳದಿಂಗಳಷ್ಟೇ ಸಾಕು, ಅದಕ್ಕಿಂತ ಹೆಚ್ಚಾದರೆ ನಿದ್ರೆ ತೆಳುವಾಗುತ್ತದೆ.

ಹಗಲಿನ ದೀಪಕ್ಕೂ ಮುಸ್ಸಂಜೆಯ ದೀಪಕ್ಕೂ ಒಂದೊಂದು ಟೈಮರ್. ಮುಸ್ಸಂಜೆ ದೀಪ ಬೆಳಿಗ್ಗೆ 6:15ಕ್ಕೆ ಹೊತ್ತಲಿ, 6:45ಕ್ಕೆ ಹಗಲಿನ ದೀಪ ಹೊತ್ತಿದ ಮೇಲೆ ಆರಲಿ. ಸಂಜೆ 6:00ಕ್ಕೆ ಮುಸ್ಸಂಜೆ ದೀಪ ಮತ್ತೆ ಹೊತ್ತಲಿ, 6:15ಕ್ಕೆ ಹಗಲಿನದು ಆರಲಿ, 6:45ಕ್ಕೆ ಮುಸ್ಸಂಜೆಯದೂ ಆರಲಿ. ದೊಡ್ಡ ದೀಪ ಆರಿದ ಮೇಲಿನ ಆ ಅರ್ಧ ಗಂಟೆಯೇ ಈ ಇಡೀ ಏರ್ಪಾಡಿನ ಜೀವಾಳ. ಹಕ್ಕಿಗಳು ಕೊನೆಯ ನಾಲ್ಕು ಕಾಳು ತಿಂದು, ನೀರು ಕುಡಿದು, ಜಾಗಕ್ಕಾಗಿ ಒಂದಿಷ್ಟು ಜಗಳವಾಡಿ, ಮೇಲಿನ ಕಡ್ಡಿಯಲ್ಲಿ ಒತ್ತಾಗಿ ಕೂರಲು ಅದು ಬೇಕೇ ಬೇಕು. ರಾತ್ರಿ ದೀಪವನ್ನು ದಿನವಿಡೀ ಉರಿಯಲು ಬಿಟ್ಟರೂ ನಷ್ಟವಿಲ್ಲ.

ಕೆಲಸ ಮುಗಿಸಿ ಏಳಕ್ಕೆ ಮನೆಗೆ ಬರುವವರು, ಹಕ್ಕಿ ನೋಡುವ ಆಸೆಗೆ ಸಂಜೆಯ ಬೆಳಕನ್ನು ಎಂಟರವರೆಗೆ ಎಳೆಯುತ್ತಾರೆ. ಎಳೆಯಿರಿ, ಆದರೆ ಬೆಳಗನ್ನೂ ಅಷ್ಟೇ ತಳ್ಳಿ. ಕಿಟಕಿಗೆ ದಪ್ಪ ಪರದೆ ಹಾಕಿ ಎಂಟರವರೆಗೆ ಕತ್ತಲಿಡಿ. ಒಂದೇ ತುದಿಯನ್ನು ಎಳೆದರೆ ರಾತ್ರಿ ಹತ್ತು ಗಂಟೆಗೆ ಇಳಿಯುತ್ತದೆ.

ಟೈಮರ್ ಕೊಳ್ಳುವಾಗ ಒಂದು ಎಚ್ಚರ. ಸುತ್ತಲೂ ಹಲ್ಲುಗಳಿರುವ, ಟಿಕ್ ಟಿಕ್ ಎಂದು ತಿರುಗುವ ಮಾದರಿ ಅಗ್ಗ. ಆದರೆ ಕರೆಂಟ್ ಹೋದಾಗ ಅದರ ಗಡಿಯಾರವೂ ನಿಲ್ಲುತ್ತದೆ. ದಿನಕ್ಕೆ ಎರಡು ಗಂಟೆ ಕರೆಂಟ್ ಹೋದರೆ ಮೂರನೇ ದಿನಕ್ಕೆ ಟೈಮರ್ ಆರು ಗಂಟೆ ಹಿಂದೆ ಬಿದ್ದು, ಸಂಜೆ ಆರೂಕಾಲಿಗೆ ಆರಬೇಕಿದ್ದ ದೀಪ ನಡುರಾತ್ರಿ ಆರುತ್ತದೆ. ಒಳಗೆ ಸಣ್ಣ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತನ್ನ ಸಮಯ ಮರೆಯುವುದಿಲ್ಲ. ಮನೆಯಲ್ಲಿ ಯುಪಿಎಸ್ ಇದ್ದರೆ ಮೂರೂ ದೀಪವನ್ನು ಆ ಲೈನ್‌ಗೆ ಕೊಡಿಸಿ. ಒಟ್ಟು ಸೇರಿ 13 ವ್ಯಾಟ್ ಮುಟ್ಟುವುದಿಲ್ಲ. ಯುಪಿಎಸ್ ಇಲ್ಲದವರು ರಾತ್ರಿ ದೀಪವನ್ನಾದರೂ ಯುಎಸ್‌ಬಿಯದು ತಂದು ಪವರ್‌ಬ್ಯಾಂಕ್‌ಗೆ ಹಾಕಬಹುದು. ಅಷ್ಟು ಕಡಿಮೆ ಕರೆಂಟಿಗೆ ಕೆಲವು ಪವರ್‌ಬ್ಯಾಂಕ್ ತಾನೇ ಆಫ್ ಆಗುವುದುಂಟು, ಒಂದು ರಾತ್ರಿ ಉರಿಸಿ ನೋಡಿ. ಕರೆಂಟ್ ಹೋದಾಗ ತಾನಾಗಿ ಹೊತ್ತುವ ಎಮರ್ಜೆನ್ಸಿ ಬಲ್ಬ್ ಮಾತ್ರ ಆ ಕೋಣೆಯಲ್ಲಿ ಬೇಡ. ರಾತ್ರಿ ಎರಡಕ್ಕೆ ಅದು ಬೆಳಗಿದರೆ ಹಕ್ಕಿಗೆ ಮಧ್ಯಾಹ್ನವಾಗುತ್ತದೆ.

ಎಲ್‌ಇಡಿಯನ್ನು ಫ್ಯಾನ್ ರೆಗ್ಯುಲೇಟರ್‌ಗೆ ಕೊಟ್ಟು ಮಂದ ಮಾಡುವ ಪ್ರಯತ್ನ ಬೇಡ. ಬಲ್ಬ್ ಮಿನುಗಲು ಶುರುವಾಗುತ್ತದೆ. ನಮ್ಮ ಕಣ್ಣಿಗೆ ಸ್ಥಿರವಾಗಿ ಕಾಣುವ ಬೆಳಕೂ ಹಕ್ಕಿಗೆ ಮಿನುಗುತ್ತಿರಬಹುದು, ಅವುಗಳ ಕಣ್ಣು ಅಷ್ಟು ಚುರುಕು. ಮೊಬೈಲ್ ಕ್ಯಾಮೆರಾ ತೆರೆದು ಬಲ್ಬಿಗೆ ಹಿಡಿಯಿರಿ. ಪರದೆಯ ಮೇಲೆ ಕಪ್ಪು ಪಟ್ಟಿಗಳು ದಪ್ಪವಾಗಿ ಓಡಿದರೆ ಆ ಬಲ್ಬ್ ಬಚ್ಚಲಿಗಿರಲಿ, ಹಕ್ಕಿಗೆ ಬೇರೆ ತನ್ನಿ.

ಸಂಜೆಯ ಕೊನೆಯ ಗಂಟೆ

ಜೀಬ್ರಾ ಫಿಂಚ್ ತೂಗುವುದು 12 ಗ್ರಾಂ ಆಸುಪಾಸು. ಮೈಯಲ್ಲಿ ಕೂಡಿಟ್ಟ ಕೊಬ್ಬು ತೀರಾ ಕಡಿಮೆ, ಮೈಶಾಖ 41 ಡಿಗ್ರಿಗೂ ಮೇಲೆ. ಕುತ್ತಿಗೆಯ ಚೀಲದಲ್ಲಿ ಸಂಜೆ ತುಂಬಿಕೊಂಡ ಕಾಳೇ ಆ ರಾತ್ರಿಯ ಉರುವಲು. ಆದ್ದರಿಂದ ಐದು ಗಂಟೆಗೆ ಬಟ್ಟಲು ನೋಡುವ ಅಭ್ಯಾಸ ಬೇಕು. ನೋಡುವುದೆಂದರೆ ಊದಿ ನೋಡುವುದು. ಫಿಂಚ್ ಕಾಳು ಸುಲಿದು ಸಿಪ್ಪೆಯನ್ನು ಅಲ್ಲೇ ಬೀಳಿಸುತ್ತದೆ, ಖಾಲಿ ಬಟ್ಟಲು ತುಂಬಿದಂತೆ ಕಾಣುತ್ತದೆ. ತುಂಬಿದ ಬಟ್ಟಲಿನ ಮುಂದೆಯೇ ಹಕ್ಕಿ ಹಸಿದು ಸತ್ತ ಮನೆಗಳು ಕಡಿಮೆಯಿಲ್ಲ.

ಒಂದು ಹಕ್ಕಿಗೆ ದಿನಕ್ಕೆ ಒಂದು ಟೀ ಚಮಚ ಕಾಳು ಸಾಕು. ನವಣೆ, ಬರಗು, ಸಾವೆ ಇವು ನಮ್ಮ ಹೊಲದ ಕಾಳುಗಳೇ, ಸಂತೆಯಲ್ಲೇ ಸಿಗುತ್ತವೆ. ಅಕ್ಕಿ ಮಾಡಿದ್ದು ಬೇಡ, ಸಿಪ್ಪೆ ಸಹಿತ ಕೇಳಿ. ಹಸಿಸೊಪ್ಪು, ಬೇಯಿಸಿದ ಮೊಟ್ಟೆ ಏನಿದ್ದರೂ ಬೆಳಿಗ್ಗೆ ಕೊಟ್ಟು ಮಧ್ಯಾಹ್ನದೊಳಗೆ ತೆಗೆಯಿರಿ. ಸ್ನಾನದ ತಟ್ಟೆಯನ್ನು ನಾಲ್ಕು ಗಂಟೆಗೆ ಎತ್ತಿಡಿ, ಒದ್ದೆ ಗರಿಯಲ್ಲಿ ಮಲಗಿದ ಹಕ್ಕಿ ಬೆಳಗಿನ ಜಾವಕ್ಕೆ ನಡುಗುತ್ತದೆ.

ಮಲಗುವ ಕಡ್ಡಿ ಪಂಜರದಲ್ಲೇ ಎಲ್ಲಕ್ಕಿಂತ ಎತ್ತರದಲ್ಲಿರಬೇಕು. ಎತ್ತರದ ಜಾಗ ಒಂದೇ ಇದ್ದರೆ ಅದಕ್ಕಾಗಿ ದಿನಾ ಸಂಜೆ ಕಚ್ಚಾಟ, ಆದ್ದರಿಂದ ಒಂದೇ ಮಟ್ಟದಲ್ಲಿ ಎರಡು ಕಟ್ಟಿ. ಬೇವಿನ ಅಥವಾ ಸೀಬೆಯ ಟೊಂಗೆ, ದಪ್ಪ 10ರಿಂದ 12 ಮಿಲಿಮೀಟರ್, ತೊಳೆದು ಬಿಸಿಲಲ್ಲಿ ಒಣಗಿಸಿದ್ದು. ಬಾಲ ಸರಳಿಗೆ ತಾಗದಂತೆ ಹಿಂಬದಿಯಿಂದ ಮೂರು ಇಂಚು ಬಿಡಿ. ಕೆಳಗೆ ಬಟ್ಟಲಿರಬಾರದು. ತೂಗುವ ಉಯ್ಯಾಲೆ ಹಗಲಿಗೆ ಚೆಂದ. ರಾತ್ರಿ ಅದು ಅಲುಗಿದರೆ ಗಾಬರಿಗೆ ಅದೇ ಕಾರಣ.

ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ಚಳಿ 15 ಡಿಗ್ರಿ ಹತ್ತಿರ ಬಂದಾಗ ಮೂರು ಬದಿಗೆ ಬಟ್ಟೆ ಸಾಕು. ಆರೋಗ್ಯವಂತ ಜೀಬ್ರಾ ಫಿಂಚ್‌ಗೆ ಹೀಟರ್ ಬೇಡ, ಗೋಲ್ಡಿಯನ್ ಸ್ವಲ್ಪ ನಾಜೂಕು. ಚಿತ್ರದುರ್ಗದ ಗುಡ್ಡದ ಗಾಳಿ ಮಾತ್ರ ಬೇರೆ ಲೆಕ್ಕ. ಜೋಗಿಮಟ್ಟಿ ಕಡೆಯಿಂದ ಬೀಸುವಾಗ ಕಿಟಕಿಯ ಸಂದಿಯಿಂದ ನೇರ ಬರುವ ಗಾಳಿಯನ್ನು ತಡೆಯಿರಿ. ಕೆಂಡದ ಬಾಣಲೆಯನ್ನು ಎಂದೂ ಮುಚ್ಚಿದ ಕೋಣೆಗೆ ತರಬೇಡಿ, ಅದರ ಅನಿಲಕ್ಕೆ ಹಕ್ಕಿ ನಮಗಿಂತ ಮೊದಲು ಸಾಯುತ್ತದೆ. ಬೇಸಿಗೆಯಲ್ಲಿ ಬಟ್ಟೆ ಪೂರ್ತಿ ತೆಗೆಯಿರಿ. ಬಾಯಿ ತೆರೆದು, ರೆಕ್ಕೆ ಮೈಯಿಂದ ದೂರ ಹಿಡಿದು ಕೂತಿದ್ದರೆ ಶೆಕೆ ಮಿತಿ ಮೀರಿದೆ ಎಂದೇ ಅರ್ಥ.

ರಾತ್ರಿ ಗಾಬರಿ ಬಿದ್ದರೆ

ನಿಶ್ಶಬ್ದದಲ್ಲಿ ಇದ್ದಕ್ಕಿದ್ದಂತೆ ಪಟಪಟ ಬಡಿದಾಟ ಕೇಳುತ್ತದೆ. ಒಂದು ಹಕ್ಕಿ ಬೆದರಿದರೆ ಉಳಿದವೂ ಹಾರುತ್ತವೆ. ಓಡಿಹೋಗಿ ಟ್ಯೂಬ್‌ಲೈಟ್ ಹಾಕುವುದು ಎಲ್ಲರೂ ಮಾಡುವ ತಪ್ಪು.

ಮೊದಲು ಮುಸ್ಸಂಜೆಯ ದೀಪವನ್ನು ಹಾಕಿ. ಅದಕ್ಕಾಗಿಯೇ ಟೈಮರ್ ಮೇಲಿನ ಕೈ ಸ್ವಿಚ್ ಎಲ್ಲಿದೆಯೆಂದು ಮನೆಯವರಿಗೆಲ್ಲ ಗೊತ್ತಿರಲಿ. ನಾಲ್ಕು ಅಡಿ ದೂರ ನಿಂತು ದಿನಾ ಮಾತಾಡಿಸುವ ದನಿಯಲ್ಲೇ ಮೆಲ್ಲಗೆ ಮಾತಾಡಿ. ಪಂಜರದೊಳಗೆ ಕೈ ಹಾಕಬೇಡಿ. ಹತ್ತು ಹದಿನೈದು ನಿಮಿಷದಲ್ಲಿ ಒಂದೊಂದೇ ಮೇಲೆ ಹೋಗಿ ಕೂರುತ್ತವೆ. ಆಮೇಲೆ ಟಾರ್ಚನ್ನು ನೆಲಕ್ಕೆ ಹಿಡಿದು ಕಾರಣ ಹುಡುಕಿ: ಗೋಡೆಯ ಹಲ್ಲಿ, ಜಿರಲೆ, ಇಲಿ, ಕಿಟಕಿಯಾಚೆಯ ಬೆಕ್ಕು. ಎಲ್ಲ ಕೂತು ಅರ್ಧ ಗಂಟೆಯಾದ ಮೇಲೆ ದೀಪ ಆರಿಸಿ.

ರಕ್ತ ಕಂಡರೆ ಮಾತ್ರ ಹಕ್ಕಿಯನ್ನು ಕೈಗೆ ತೆಗೆದುಕೊಳ್ಳಬೇಕು. ಹನ್ನೆರಡು ಗ್ರಾಂ ಹಕ್ಕಿಯ ಮೈಯಲ್ಲಿರುವ ಒಟ್ಟು ರಕ್ತ ಒಂದು ಮಿಲಿಲೀಟರ್‌ಗಿಂತ ಸ್ವಲ್ಪ ಹೆಚ್ಚು, ಎರಡು ಮೂರು ಹನಿ ಹೋಗುವುದೂ ಅದಕ್ಕೆ ಸಣ್ಣದಲ್ಲ. ಬೆಳೆಯುತ್ತಿರುವ ಗರಿಯ ಬುಡ ಮುರಿದಿದ್ದರೆ ರಕ್ತ ನಿಲ್ಲದೆ ಜಿನುಗುತ್ತದೆ. ಒಂದು ಚಿಟಿಕೆ ಕಾರ್ನ್‌ಫ್ಲೋರ್ ಹಚ್ಚಿ, ಶುದ್ಧ ಹತ್ತಿಯಿಂದ ಎರಡು ನಿಮಿಷ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ. ಹಿಡಿಯುವಾಗ ಎದೆ ಅದುಮಬಾರದು. ಹಕ್ಕಿಗೆ ನಮ್ಮಂತೆ ವಪೆ ಇಲ್ಲ, ಎದೆಗೂಡು ಮೇಲೆ ಕೆಳಗೆ ಆಡಿದರೇ ಉಸಿರು. ರಕ್ತ ನಿಲ್ಲದಿದ್ದರೆ, ರೆಕ್ಕೆ ಜೋತಿದ್ದರೆ, ತಲೆ ಒಂದು ಕಡೆಗೆ ವಾಲಿದ್ದರೆ, ಗಾಳಿತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಮೆತ್ತನೆ ಬಟ್ಟೆ ಹಾಸಿ ಕತ್ತಲಲ್ಲಿಟ್ಟು, ಬೆಳಿಗ್ಗೆ ಪಶುವೈದ್ಯರಲ್ಲಿಗೆ ಒಯ್ಯಿರಿ.

ದೀಪಾವಳಿ, ಗಣಪತಿ ಮೆರವಣಿಗೆಯ ಡಿಜೆ, ಜಾತ್ರೆಯ ಸಿಡಿಮದ್ದು ಇವು ಮೊದಲೇ ಗೊತ್ತಿರುವ ರಾತ್ರಿಗಳು. ಪಂಜರವನ್ನು ಒಳಕೋಣೆಗೆ ಮೂರು ದಿನ ಮೊದಲೇ ಸರಿಸಿ. ಅಂದೇ ಸರಿಸಿದರೆ ಹೊಸ ಜಾಗದ ಭಯವೂ ಸೇರುತ್ತದೆ. ಆ ರಾತ್ರಿ ಮುಸ್ಸಂಜೆಯ ದೀಪ ಉರಿಯುತ್ತಲೇ ಇರಲಿ, ದೂರದಲ್ಲಿ ಟೇಬಲ್ ಫ್ಯಾನಿನ ಒಂದೇ ಸಮನೆ ಸದ್ದಿರಲಿ, ಗಾಳಿ ಪಂಜರಕ್ಕೆ ಬೀಸದಂತೆ.

ಕತ್ತಲಲ್ಲಿ ಬರುವವರು

ತಳಕ್ಕೆ ಬಿದ್ದ ಕಾಳಿಗೆ ಇಲಿ ಬರುತ್ತದೆ, ಇಲಿಯ ವಾಸನೆಗೆ ಕೇರೆ ಹಾವು. ವರಾಂಡದಲ್ಲಿ, ಹಿತ್ತಿಲಲ್ಲಿ ಪಂಜರ ಇಟ್ಟವರು ಇದನ್ನು ಮರೆಯುವಂತಿಲ್ಲ. ಫಿಂಚ್ ಪಂಜರದ ಸರಳಿನ ಸಂದಿ ಅರ್ಧ ಇಂಚು, ಚಿಟ್ಟಿಲಿಗೆ ಅದು ಹೆಬ್ಬಾಗಿಲು. ಹೊರಗಿಡುವುದಾದರೆ ಕಾಲು ಇಂಚಿನ ವೆಲ್ಡೆಡ್ ಮೆಶ್ ಸುತ್ತಲೂ, ತಳಕ್ಕೂ ಹಾಕಿಸಿ. ಸಂಜೆ ತಳದ ಟ್ರೇ ಒರೆಸಿಯೇ ದೀಪ ಆರಿಸುವುದು ಒಳ್ಳೆಯದು. ಇರುವೆಗೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಡಿ, ನೀರನ್ನು ಎರಡು ದಿನಕ್ಕೊಮ್ಮೆ ಬದಲಿಸಿ. ಸೊಳ್ಳೆಯಿಂದ ಹಕ್ಕಿಗೂ ಸಿಡುಬಿನಂಥ ರೋಗ ಹರಡುತ್ತದೆ. ಪಂಜರದಿಂದ ಒಂದು ಗೇಣು ದೂರ ನಿಲ್ಲುವಂತೆ ಕಟ್ಟಿದ ಸೊಳ್ಳೆಪರದೆಯೇ ಇದಕ್ಕೆ ಸರಿಯಾದ ಉಪಾಯ.

ಇನ್ನೊಂದು ಶತ್ರು ಕಣ್ಣಿಗೆ ಬೀಳುವುದಿಲ್ಲ. ಕೆಂಪು ಉಣ್ಣಿ ಹಗಲೆಲ್ಲ ಕಡ್ಡಿಯ ತುದಿಯಲ್ಲಿ, ಗೂಡಿನ ಸಂದಿಯಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತದೆ. ರಾತ್ರಿಯಿಡೀ ಚಡಪಡಿಸುವ, ಮೈ ಕೆರೆದುಕೊಳ್ಳುವ ಹಕ್ಕಿಯಿದ್ದರೆ ಪಂಜರದ ಮೇಲೆ ಬಿಳಿ ಬಟ್ಟೆ ಹಾಕಿ, ಬೆಳಗಿನ ಜಾವ ಅದರ ಒಳಮೈ ನೋಡಿ. ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕಿಗಳು ಓಡಾಡುತ್ತಿದ್ದರೆ ಅದೇ. ಕಡ್ಡಿಗಳನ್ನು ಸುಟ್ಟು, ಪಂಜರಕ್ಕೆ ಕುದಿನೀರು ಸುರಿದು, ಐದಾರು ದಿನ ಬಿಟ್ಟು ಮತ್ತೆ ಮಾಡಿ. ಮೊದಲ ಸಲ ತಪ್ಪಿದ ಮೊಟ್ಟೆಗಳು ಅಷ್ಟರಲ್ಲಿ ಒಡೆದಿರುತ್ತವೆ. ಹಕ್ಕಿಯ ಮೈಗೆ ಹಾಕುವ ಔಷಧವನ್ನು ವೈದ್ಯರೇ ಅಳೆದು ಕೊಡಲಿ. ಇಷ್ಟು ಸಣ್ಣ ಜೀವಕ್ಕೆ ಒಂದು ಹನಿ ಹೆಚ್ಚಾದರೂ ವಿಷ.

ವಾರಕ್ಕೊಮ್ಮೆ, ದೀಪ ಆರಿ ಒಂದು ಗಂಟೆಯಾದ ಮೇಲೆ, ಪಂಜರದ ಪಕ್ಕ ಐದು ನಿಮಿಷ ಕಿವಿಗೊಟ್ಟು ನಿಲ್ಲಿ. ಹಗಲಿನ ಚಿಲಿಪಿಲಿಯಲ್ಲಿ ಕೇಳದ್ದು ಆಗ ಕೇಳುತ್ತದೆ. ಉಸಿರಿನ ಜೊತೆ ಟಿಕ್ ಟಿಕ್ ಎಂಬ ಸದ್ದು ಬಂದರೆ ಗಾಳಿಚೀಲಕ್ಕೆ ನುಸಿ ಹತ್ತಿರಬಹುದು, ಗೋಲ್ಡಿಯನ್‌ಗಳಲ್ಲಿ ಇದು ಹೆಚ್ಚು. ಆ ಹಕ್ಕಿಯನ್ನು ಬೇರೆ ಮಾಡಿ ತೋರಿಸಿ.

ಗೂಡು, ಮೊಟ್ಟೆ, ಮರಿ ಇರುವಾಗ

ಮರಿ ಬೇಡದಿದ್ದರೆ ಗೂಡೇ ಬೇಡ. ‘ಪಾಪ, ಬೆಚ್ಚಗೆ ಮಲಗಲಿ’ ಎಂದು ಇಟ್ಟ ಗೂಡಿನಲ್ಲಿ ಜೀಬ್ರಾ ಫಿಂಚ್ ವಾರದೊಳಗೆ ಮೊಟ್ಟೆ ಇಟ್ಟೀತು.

ಮರಿ ಮಾಡಿಸುವವರಿಗೆ ರಾತ್ರಿ ದೀಪ ಇಲ್ಲದೆ ನಡೆಯುವುದೇ ಇಲ್ಲ. ಕಾವು ಕೂತ ಹಕ್ಕಿ ಬೆದರಿ ಹೊರಗೆ ಬಂದರೆ, ಪೂರ್ತಿ ಕತ್ತಲಲ್ಲಿ ಗೂಡಿನ ಬಾಯಿ ಅದಕ್ಕೆ ಕಾಣದು. ಬೆಳಗಾಗುವಷ್ಟರಲ್ಲಿ ಮೊಟ್ಟೆ ಆರಿಹೋಗಿರುತ್ತದೆ. ಗರಿ ಮೂಡದ ಮರಿಗಳಿದ್ದರೆ ಸತ್ತಿರುತ್ತವೆ. ಹುಟ್ಟಿದ ಮೊದಲ ಹತ್ತು ದಿನ ಆ ಮರಿಗಳಿಗೆ ತಮ್ಮ ಶಾಖ ತಾವೇ ಕಾಯ್ದುಕೊಳ್ಳಲು ಬಾರದು. ಮೊಟ್ಟೆಯ ಚಿಪ್ಪು ಹೆಚ್ಚಾಗಿ ರಾತ್ರಿಯೇ ಕಟ್ಟುವುದರಿಂದ, ಮೊಟ್ಟೆ ಇಡುವ ದಿನಗಳಲ್ಲಿ ಕಡಲ ನೊರೆಯ (ಕಟಲ್‌ಬೋನ್) ತುಂಡು ಪಂಜರದಲ್ಲಿ ಯಾವಾಗಲೂ ಇರಲಿ, ಸಂಜೆಗೆ ಕಾಳಿನ ಬಟ್ಟಲಿನ ಪಕ್ಕವೇ ಸಿಗಲಿ. ಬೆಳಿಗ್ಗೆ ಹೆಣ್ಣು ತಳದಲ್ಲಿ ಗರಿ ಉಬ್ಬಿಸಿಕೊಂಡು, ಬಾಲ ಕುಣಿಸುತ್ತಾ ಕೂತಿದ್ದರೆ ಮೊಟ್ಟೆ ಸಿಕ್ಕಿಕೊಂಡಿದೆ ಎಂದು ತಿಳಿದು, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪೆಟ್ಟಿಗೆಯ ಒಂದು ಬದಿಗಿಟ್ಟು 30 ಡಿಗ್ರಿ ಶಾಖ ಕೊಡಿ, ತಡಮಾಡದೆ ವೈದ್ಯರನ್ನು ಕಾಣಿ.

ಮರಿಗಳು ಗೂಡಿನಿಂದ ಹೊರಬರುವುದು 18ರಿಂದ 21ನೇ ದಿನದೊಳಗೆ. ಮೊದಲ ಎರಡು ಮೂರು ಸಂಜೆ ಮೇಲಿನ ಕಡ್ಡಿಗೆ ಹಾರಲು ಆಗದೆ ತಳದಲ್ಲೇ ಉಳಿಯುತ್ತವೆ. ತಳದಿಂದ ಎರಡು ಇಂಚು ಮೇಲೆ ಒಂದು, ಆರು ಇಂಚು ಮೇಲೆ ಇನ್ನೊಂದು ಕಡ್ಡಿ ಕಟ್ಟಿ, ನೀರಿನ ಬಟ್ಟಲನ್ನು ಆಳವಿಲ್ಲದ್ದಕ್ಕೆ ಬದಲಿಸಿ. ಮುಸ್ಸಂಜೆಯ ದೀಪವನ್ನು ಆ ದಿನಗಳಲ್ಲಿ ಇನ್ನೊಂದು ಕಾಲು ಗಂಟೆ ಹೆಚ್ಚಿಗೆ ಉರಿಸಿ. ಅಷ್ಟಾಗಿಯೂ ತಳದಲ್ಲೇ ಉಳಿದ ಮರಿಯನ್ನು ಬೆಳಕಿರುವಾಗಲೇ ಮೆಲ್ಲಗೆ ಎತ್ತಿ ಗೂಡಿನೊಳಗೆ ಬಿಟ್ಟು, ಅದು ನೆಲೆಯಾಗುವವರೆಗೆ ಗೂಡಿನ ಬಾಯಿಗೆ ಎರಡು ನಿಮಿಷ ಅಂಗೈ ಅಡ್ಡ ಹಿಡಿಯಿರಿ.